ಬೇಸ್ ಗಿಟಾರ್‌ನ ಒಳಸರಳು ಮುರಿದರೆ: ವಾದ್ಯವನ್ನು ಮೂಲೆಗೆ ಹಾಕುವ ಮುನ್ನ

ಮುಳಬಾಗಿಲು: ಗಣೇಶೋತ್ಸವ, ಜಾತ್ರೆ, ರಾಜ್ಯೋತ್ಸವದ ವೇದಿಕೆಗಳಲ್ಲಿ ಆರ್ಕೆಸ್ಟ್ರಾ ಆಲಿಸುವವರ ಕಣ್ಣು ಗಾಯಕರ ಮೇಲಿರುತ್ತದೆ, ಹೆಚ್ಚೆಂದರೆ ಕೀಬೋರ್ಡ್ ಹಾಗೂ ರಿದಂ ಪ್ಯಾಡ್ ನುಡಿಸುವವರ ಮೇಲೆ. ಹಿಂದಿನ ಸಾಲಿನಲ್ಲಿ ನಿಂತು ನಾಲ್ಕು ದಪ್ಪ ತಂತಿಗಳನ್ನು ಮೀಟುವ ಬೇಸ್ ಗಿಟಾರ್ ವಾದಕನನ್ನು ಗಮನಿಸುವವರು ವಿರಳ. ಆತನ ವಾದ್ಯ ಕೈಕೊಟ್ಟ ದಿನ ಮಾತ್ರ, ಕಾರಣ ತಿಳಿಯದಿದ್ದರೂ, ಹಾಡು ಪೊಳ್ಳಾಗಿದೆಯೆಂದು ಎಲ್ಲರಿಗೂ ಅನ್ನಿಸುತ್ತದೆ.

ಬೇಸ್ ಗಿಟಾರ್ ಕೈಕೊಡುವ ಕಾರಣಗಳಲ್ಲಿ ವಾದಕರು ಅತಿಯಾಗಿ ಅಂಜುವುದು ಟ್ರಸ್ ರಾಡ್ ಮುರಿಯುವುದಕ್ಕೆ. ಟ್ರಸ್ ರಾಡ್ ಎಂದರೆ ಗಿಟಾರ್‌ನ ಕತ್ತಿನೊಳಗೆ ಉದ್ದಕ್ಕೂ ಹುದುಗಿರುವ ಉಕ್ಕಿನ ಸರಳು. ಅದು ಹೊರಗೆ ಕಾಣುವುದಿಲ್ಲ. ಕಾಣದ ಭಾಗ ಮುರಿದಾಗ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಹೊಸದನ್ನು ಕೊಳ್ಳಿ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಮುಳಬಾಗಿಲಿನಂತಹ ಪಟ್ಟಣದಲ್ಲಿ, ಒಂದೇ ವಾದ್ಯವನ್ನು ನಂಬಿ ಹಬ್ಬದ ಕಾಲದ ಕಾರ್ಯಕ್ರಮಗಳಿಗೆ ಒಪ್ಪಿಕೊಂಡಿರುವ ಕಲಾವಿದನಿಗೆ ಈ ಸಲಹೆ ಸುಲಭವಾದದ್ದಲ್ಲ. ಅನೇಕ ಸಂದರ್ಭಗಳಲ್ಲಿ ಅದು ಸರಿಯಾದದ್ದೂ ಅಲ್ಲ.

ಈ ಸೀಮೆಗೆ ಗಿಟಾರ್ ಹೊಸದೇನಲ್ಲ. ನೆರೆಯ ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿಗಳಿದ್ದ ಕಾಲದಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು, ಚರ್ಚುಗಳು ಹಾಗೂ ಕ್ಲಬ್ಬುಗಳ ಮೂಲಕ ಪಾಶ್ಚಾತ್ಯ ಸಂಗೀತ ಇಲ್ಲಿ ಬೇರೂರಿತು. 2001ರಲ್ಲಿ ಗಣಿ ಮುಚ್ಚಿತು, ಗಿಟಾರ್ ಉಳಿಯಿತು.

ಸರಳು ಏಕೆ ಬೇಕು?

ಸಾಮಾನ್ಯ ಬೇಸ್ ಗಿಟಾರ್‌ನ ನಾಲ್ಕು ತಂತಿಗಳನ್ನು ಶ್ರುತಿಗೆ ಬಿಗಿದಾಗ ಒಟ್ಟು ಎಳೆತ ಸುಮಾರು 75ರಿಂದ 80 ಕಿಲೋ ತೂಕಕ್ಕೆ ಸಮನಾಗುತ್ತದೆ. ಒಬ್ಬ ದೃಢಕಾಯದ ಮನುಷ್ಯ ಹಗಲಿರುಳೂ ಆ ಕತ್ತಿಗೆ ಜೋತುಬಿದ್ದಂತೆ ಎನ್ನಬಹುದು. ತಂತಿಯ ನಾದಭಾಗದ ಉದ್ದವೇ 34 ಅಂಗುಲ. ಇಷ್ಟು ಉದ್ದದ ತೆಳುವಾದ ಮರ ಇಂತಹ ಎಳೆತಕ್ಕೆ ಬಿಲ್ಲಿನಂತೆ ಮುಂದಕ್ಕೆ ಬಾಗದೆ ಇರದು. ಕತ್ತು ಬಾಗಿದರೆ ತಂತಿ ಮತ್ತು ಹಲಗೆಯ ನಡುವಿನ ಅಂತರ ಹೆಚ್ಚುತ್ತದೆ. ಒತ್ತಲು ಬೆರಳು ನೋಯುತ್ತದೆ, ಒತ್ತಿದ ಸ್ವರವೂ ಏರುತ್ತದೆ.

ನಮ್ಮ ವೀಣೆಗೂ ಇದೇ ಸಮಸ್ಯೆಯುಂಟು, ಆದರೆ ಪರಿಹಾರ ಬೇರೆ. ವೀಣೆಯ 24 ಮೆಟ್ಟಿಲುಗಳು ಜೇನುಮೇಣ ಮತ್ತು ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ ಕುಳಿತಿರುತ್ತವೆ. ಸ್ವರಸ್ಥಾನ ಕೆಟ್ಟರೆ ಕುಶಲಕರ್ಮಿ ಮೇಣವನ್ನು ಮೆತ್ತಗಾಗಿಸಿ ಒಂದೊಂದೇ ಮೆಟ್ಟಿಲನ್ನು ಸರಿಪಡಿಸುತ್ತಾನೆ. ಇದಕ್ಕೆ ಮೇಳ ಕಟ್ಟುವುದು ಎಂದು ಹೆಸರು. ವೀಣೆ ತಯಾರಿಕೆಗೆ ಹೆಸರಾದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದವರಿಗೆ ಇದನ್ನು ವಿವರಿಸಬೇಕಿಲ್ಲ. ಗಿಟಾರ್‌ನ ಫ್ರೆಟ್‌ಗಳನ್ನಾದರೋ ಮರದ ಸೀಳಿಗೆ ಬಡಿದು ಕೂರಿಸಲಾಗಿರುತ್ತದೆ. ಅವು ಸರಿಯುವುದಿಲ್ಲ. ಆದ್ದರಿಂದ ಮರವನ್ನೇ ಒಳಗಿನಿಂದ ಸರಿಸಬೇಕಾಗುತ್ತದೆ.

ಈ ಉಪಾಯಕ್ಕೆ ನೂರು ವರ್ಷ ಮೀರಿದೆ. ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬುವರು 1921ರಲ್ಲಿ ಅರ್ಜಿ ಸಲ್ಲಿಸಿ, 1923ರಲ್ಲಿ ಹೊಂದಾಣಿಕೆ ಮಾಡಬಲ್ಲ ಟ್ರಸ್ ರಾಡ್‌ಗೆ ಪೇಟೆಂಟ್ ಪಡೆದರು. ಲಿಯೋ ಫೆಂಡರ್ ಅವರ ಮೊದಮೊದಲ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಸರಳು ಇರಲಿಲ್ಲ, ಗಟ್ಟಿ ಮೇಪಲ್ ಮರವೇ ಸಾಕೆಂಬುದು ಅವರ ನಂಬಿಕೆಯಾಗಿತ್ತು. ಕತ್ತುಗಳು ಬಾಗತೊಡಗಿದ ಮೇಲೆ ಅವರೂ ಸರಳಿಗೆ ಶರಣಾದರು. 1951ರಲ್ಲಿ ಅವರ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಸರಳು ಇತ್ತು.

ಮುರಿಯುವುದು ಎಲ್ಲಿ?

ಸರಳಿನ ಒಂದು ತುದಿ ಮರದಲ್ಲಿ ಭದ್ರವಾಗಿರುತ್ತದೆ. ಇನ್ನೊಂದು ತುದಿಯ ಥ್ರೆಡ್ ಮೇಲೆ ನಟ್ ಕೂತಿರುತ್ತದೆ. ಅಲೆನ್ ಕೀಯಿಂದ ನಟ್ ಬಿಗಿದರೆ ಕತ್ತು ಹಿಂದಕ್ಕೆ ನೆಟ್ಟಗಾಗುತ್ತದೆ. ಬಹುಪಾಲು ಸರಳುಗಳು ತುಂಡಾಗುವುದು ಈ ಥ್ರೆಡ್ ಆರಂಭವಾಗುವ ಜಾಗದಲ್ಲೇ, ಏಕೆಂದರೆ ಉಕ್ಕು ಅಲ್ಲಿ ಅತಿ ತೆಳು. ತುಕ್ಕು ಹಿಡಿದ ನಟ್‌ಗೆ ಬಲಪ್ರಯೋಗ ಮಾಡುವುದು, ತಂತಿಯ ಬಿಗಿ ಸಡಿಲಿಸದೆ ತಿರುಗಿಸುವುದು, ಒಂದೇ ಏಟಿಗೆ ಪೂರ್ತಿ ಸುತ್ತು ಬಿಗಿಯುವುದು ಇದಕ್ಕೆ ಮುಖ್ಯ ಕಾರಣಗಳು. ಸರಳು ತಾನಾಗಿ ಮುರಿಯುವುದು ಅಪರೂಪ. ಅದನ್ನು ಮುರಿಯುವವರು ನಾವೇ ಎನ್ನುವುದು ಕಹಿಯಾದರೂ ನಿಜ.

ನಟ್ ಎಷ್ಟು ತಿರುಗಿಸಿದರೂ ಕತ್ತು ಕದಲದಿದ್ದರೆ, ಅಥವಾ ಉಕ್ಕಿನ ಚೂರಿನೊಡನೆ ನಟ್ ಕೈಗೇ ಬಂದರೆ ಸರಳು ಹೋಗಿದೆಯೆಂದು ತಿಳಿಯಬಹುದು. ಆದರೆ ನಟ್ ಬಿಗಿಯಾಗಿ ನಿಂತುಬಿಟ್ಟಿರುವುದು ಬೇರೆ ಸಂಗತಿ. ಕೆಲವೊಮ್ಮೆ ಥ್ರೆಡ್ ಮುಗಿದು ನಟ್ ತಡೆದು ನಿಂತಿರುತ್ತದೆ. ಅಂತಹ ಸರಳು ಆರೋಗ್ಯವಾಗಿಯೇ ಇರುತ್ತದೆ, ನಟ್ ಹಿಂದೆ ಒಂದು ವಾಷರ್ ಕೂರಿಸಿದರೆ ಕೆಲಸ ಮುಗಿಯಿತು.

ಬಿಚ್ಚುವ ಮುನ್ನ ಎರಡು ಪ್ರಶ್ನೆ

ಮೊದಲನೆಯದು, ತುಂಡಾದದ್ದು ಥ್ರೆಡ್‌ನ ತುದಿ ಮಾತ್ರವೇ? ಹಾಗಿದ್ದಲ್ಲಿ ಸುತ್ತಲಿನ ಮರವನ್ನು ಸ್ವಲ್ಪ ಕೊರೆದು, ಉಳಿದ ಸರಳಿಗೆ ಡೈ ಹಾಕಿ ಹೊಸ ಥ್ರೆಡ್ ತೆಗೆಯಬಹುದು. ಹಲಗೆ ಎಬ್ಬಿಸುವ ಅಗತ್ಯವೇ ಬೀಳದು.

ಎರಡನೆಯದು, ಕತ್ತು ಬಾಡಿಗೆ ಹೇಗೆ ಜೋಡಣೆಯಾಗಿದೆ? ನಾಲ್ಕು ಸ್ಕ್ರೂಗಳಿಂದ ಜೋಡಿಸಿದ ಅಗ್ಗದ ವಾದ್ಯವಾದರೆ ಅದೇ ಅಳತೆಯ ಇನ್ನೊಂದು ಕತ್ತನ್ನು ತರಿಸಿ ಹಾಕುವುದೇ ಜಾಣತನ. ಸರಳಿನ ಬೆಲೆ ಅಲ್ಪ, ದುಬಾರಿಯಾಗುವುದು ಕೆಲಸದ ಕೂಲಿ. ಆದರೆ ಕತ್ತು ಬಾಡಿಗೆ ಅಂಟಿಕೊಂಡಿದ್ದರೆ, ವಾದ್ಯ ಹಳೆಯದಾಗಿದ್ದರೆ ಅಥವಾ ಆ ಕತ್ತಿಗೆ ಕೈ ಒಗ್ಗಿಹೋಗಿದ್ದರೆ ಸರಳು ಬದಲಿಸುವುದೇ ದಾರಿ.

ಹಲಗೆಯ ಬಗೆಗೂ ಯೋಚಿಸಬೇಕು. ಅನೇಕ ಗಿಟಾರ್‌ಗಳ ಬೆರಳಹಲಗೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರದ್ದು. 2017ರ ಜನವರಿಯಿಂದ ಬೀಟೆಯ ಅಂತರರಾಷ್ಟ್ರೀಯ ವಹಿವಾಟಿಗೆ ನಿರ್ಬಂಧ ಬಂದಾಗ ಗಿಟಾರ್ ಕಂಪನಿಗಳು ಬೇರೆ ಮರಗಳನ್ನು ಹುಡುಕಿದವು. ಕೆಲವು ಅಗ್ಗದ ಮಾದರಿಗಳಿಗೆ ನಮ್ಮ ಮತ್ತಿ ಮರವೇ ಬಂತು. ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ದೊರೆಯಿತು. ಹಳೆಯ ಬೀಟೆ ಹಲಗೆಯನ್ನು ಸೀಳಿ ಹಾಳುಮಾಡಿದರೆ ಅಂತಹುದೇ ಇನ್ನೊಂದನ್ನು ಹೊಂದಿಸುವುದು ಸುಲಭವಲ್ಲ.

ಇಸ್ತ್ರಿ ಪೆಟ್ಟಿಗೆಯ ಕೆಲಸ

ತಂತಿ ಮತ್ತು ನಟ್ಟುಗಳನ್ನು ತೆಗೆದು, ಸ್ಕ್ರೂ ಜೋಡಣೆಯ ಕತ್ತಾದರೆ ಬಾಡಿಯಿಂದ ಬೇರ್ಪಡಿಸಿಕೊಳ್ಳಬೇಕು. ಎರಡು ಫ್ರೆಟ್‌ಗಳನ್ನು ಕಿತ್ತು, ಅವುಗಳ ಸೀಳಿನ ಮೂಲಕ ಕತ್ತಿನ ಮರದವರೆಗೆ ಸೂಜಿಗಾತ್ರದ ರಂಧ್ರಗಳನ್ನು ಕೊರೆಯುವುದು ಮುಂದಿನ ಹೆಜ್ಜೆ. ಹಲಗೆಯನ್ನು ಮರಳಿ ಅಂಟಿಸುವಾಗ ಈ ರಂಧ್ರಗಳಿಗೆ ಸಣ್ಣ ಮೊಳೆ ಇಟ್ಟರೆ ಹಲಗೆ ಕೂದಲೆಳೆಯಷ್ಟೂ ಜಾರುವುದಿಲ್ಲ. ಕೆಲಸ ಬಲ್ಲವರನ್ನು ಗುರುತಿಸಲು ಇದೊಂದೇ ಸಾಕು. ಇದನ್ನು ಬಿಟ್ಟವರ ಕೈಗೆ ವಾದ್ಯ ಕೊಡದಿರುವುದು ಲೇಸು.

ಬಳಿಕ ಹಲಗೆಯ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಡಲಾಗುತ್ತದೆ. ಫ್ರೆಟ್‌ಗಳ ಮೂಲಕ ಶಾಖ ಇಳಿದು ಅಂಟು ಮೆತ್ತಗಾಗುತ್ತದೆ. ಸಾಮಾನ್ಯವಾಗಿ ಬಾಡಿಯ ಕಡೆಯ ತುದಿಯಿಂದ ತೆಳುವಾದ, ಮೊಂಡ ಅಲಗನ್ನು ತೂರಿಸಿ, ಒಂದೊಂದು ಅಂಗುಲ ಬಿಸಿಮಾಡುತ್ತ ಮುಂದೆ ಸಾಗಬೇಕು. ಮೀಟಿ ಎಬ್ಬಿಸಿದರೆ ಮರದ ನಾರು ಅಂಟಿನೊಂದಿಗೆ ಕಿತ್ತುಬರುತ್ತದೆ. ಹಲಗೆಯ ಪ್ಲಾಸ್ಟಿಕ್ ಚುಕ್ಕೆಗಳು ಕರಗದಂತೆ, ಕತ್ತಿನ ಪಾಲಿಶ್ ಸುಡದಂತೆ ನೋಡಿಕೊಳ್ಳುವುದೂ ಇದೇ ಹೊತ್ತಿನಲ್ಲಿ. ಆವಿ ಬಳಸಿದರೆ ಮರ ನೀರು ಕುಡಿದು ಸೊಟ್ಟಗಾಗುವ ಅಪಾಯವಿದೆ. ಬಿಡಿಸಿದ ಹಲಗೆಯನ್ನು ಚಪ್ಪಟೆ ಮೇಲ್ಮೈಯ ಮೇಲೆ ಭಾರ ಹೇರಿ ಪೂರ್ತಿ ತಣ್ಣಗಾಗಲು ಬಿಡಬೇಕು.

ಹಲಗೆ ಮತ್ತು ಕತ್ತು ಎರಡೂ ಒಂದೇ ಮೇಪಲ್ ತುಂಡಿನವಾದರೆ ಈ ವಿಧಾನ ಒಗ್ಗದು. ಅಂತಹ ಕತ್ತಿನ ಬೆನ್ನಿನಲ್ಲಿ ಕಂದು ಬಣ್ಣದ ಪಟ್ಟಿ ಕಾಣುತ್ತದೆ. ಸರಳು ಒಳಹೋದದ್ದು ಅಲ್ಲಿಂದಲೇ, ಹೊರಬರಬೇಕಾದದ್ದೂ ಅಲ್ಲಿಂದಲೇ. ಅದು ನುರಿತವರ ಕೆಲಸ.

ಹೊಸ ಸರಳು

ಹಳೆಯ ಬಗೆಯ ಒಂಟಿ ಸರಳು ಬಾಗಿದ ಕಾಲುವೆಯಲ್ಲಿ ಮಲಗಿರುತ್ತದೆ, ಅದರ ಮೇಲೆ ಮರದ ಪಟ್ಟಿ ಅಂಟಿಸಿರುತ್ತಾರೆ. ಲೇತ್ ಅಂಗಡಿಯಲ್ಲಿ ಅದೇ ದಪ್ಪದ ಉಕ್ಕಿಗೆ ಥ್ರೆಡ್ ಹಾಕಿಸಿ ಅಂತಹುದನ್ನು ಮಾಡಿಸಿಕೊಳ್ಳುವುದು ಸಾಧ್ಯ. ಈಚಿನ ಜೋಡಿ ಸರಳು ನೇರ ಕಾಲುವೆಯಲ್ಲಿ ಕೂರುತ್ತದೆ ಮತ್ತು ಕತ್ತನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಬಲ್ಲದು. ಯಾವುದೇ ಆದರೂ ಉದ್ದ, ಅಗಲ, ಆಳ ಮತ್ತು ನಟ್ ಇರುವ ತುದಿ ಹಳೆಯದಕ್ಕೆ ಹೊಂದಬೇಕು. ಒಳಗಿಡುವ ಮುನ್ನ ನಟ್ ಸರಾಗವಾಗಿ ತಿರುಗುವುದೇ ಎಂದು ಹೊರಗೇ ಪರೀಕ್ಷಿಸಬೇಕು. ಅಂಟಿಸಿದ ಮೇಲೆ ದೋಷ ಕಂಡರೆ ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಅಂಟು ಕಾಲುವೆಗೆ ಇಳಿದರೆ ಹೊಸ ಸರಳೂ ಹುಟ್ಟುವಾಗಲೇ ಸೆರೆಯಾಗುತ್ತದೆ. ಆದ್ದರಿಂದ ಕಾಲುವೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಟು ಬಳಿದು, ಹಲಗೆ ಕೂರಿಸುವ ಮುನ್ನ ಟೇಪ್ ಎಳೆದು ತೆಗೆಯುತ್ತಾರೆ. ಮರಗೆಲಸದ ಅಂಟೇ ಇದಕ್ಕೆ ಸಾಕು. ಅರಲ್ಡೈಟ್‌ನಂತಹದ್ದನ್ನು ಬಳಸಿದರೆ ಮುಂದೊಮ್ಮೆ ಬಿಚ್ಚಬೇಕಾದವರು ಶಪಿಸುತ್ತಾರೆ. ಸರಳು ಬಿಗಿಯದ ಸ್ಥಿತಿಯಲ್ಲಿರಬೇಕು. ಉದ್ದಕ್ಕೂ ಕ್ಲಾಂಪ್ ಹಾಕಿ ಒಂದು ಇಡೀ ದಿನ ಮುಟ್ಟಬಾರದು.

ತಂತಿ ಕಟ್ಟಿ ಶ್ರುತಿ ಮಾಡಿದ ಮೇಲೆ ಮೊದಲ ಫ್ರೆಟ್ ಹಾಗೂ ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು, ಎಂಟನೆಯ ಫ್ರೆಟ್ ಬಳಿ ತಂತಿಯ ಕೆಳಗಿನ ಅಂತರ ನೋಡಬೇಕು. 0.3ರಿಂದ 0.4 ಮಿ.ಮೀ. ಇದ್ದರೆ ಸರಿ. ಹೆಚ್ಚಿದ್ದರೆ ನಟ್ಟನ್ನು ಕಾಲು ಸುತ್ತು ಬಿಗಿದು, ಮರ ಹೊಂದಿಕೊಳ್ಳಲು ಸಮಯ ಕೊಟ್ಟು ಮತ್ತೆ ಅಳೆಯಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ವರ್ಷಕ್ಕೆರಡು ಬಾರಿಯಾದರೂ ಈ ಅಳತೆ ನೋಡುವುದು ಒಳಿತು. ಏಪ್ರಿಲ್ ಬಿಸಿಲಿನಲ್ಲಿ ಟೆಂಪೋದ ಟಾರ್ಪಾಲಿನಡಿ ವಾದ್ಯವನ್ನು ಬಿಟ್ಟುಹೋದರೆ, ಇಸ್ತ್ರಿ ಪೆಟ್ಟಿಗೆ ಮಾಡಿದ ಕೆಲಸವನ್ನು ಸೂರ್ಯನೂ ಆರಂಭಿಸಬಲ್ಲ.