ನಿಮ್ಮನ್ನ ನೀವೇ ಹೆಸರಿಡಿದು ಕರೆದು ನೋಡಿ

ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದ ರಾತ್ರಿ ತಲೆಯಲ್ಲಿ ಒಂದೇ ಮಾತು ಸುತ್ತುತ್ತೆ: "ನನ್ ಕೈಲಿ ಆಗಲ್ಲ." ಆಗ 'ನಾನು' ಬಿಟ್ಟು ನಿಮ್ಮ ಹೆಸರು ಹಾಕಿ ಕೇಳಿಕೊಳ್ಳಿ: "ರವಿಗೆ ಯಾಕಿಷ್ಟು ಭಯ?" ಫ್ರೆಂಡ್ ಸಮಸ್ಯೆ ನಮಗೆ ಸ್ಪಷ್ಟವಾಗಿ ಕಾಣುತ್ತಲ್ಲ, ಹಾಗೇ ನಮ್ಮದೂ ಸ್ವಲ್ಪ ದೂರ ನಿಂತು ಕಾಣುತ್ತೆ. ಇದೇ ಸೈಕಲಾಜಿಕಲ್ ಡಿಸ್ಟೆನ್ಸಿಂಗ್.

2017ರಲ್ಲಿ ಅಮೆರಿಕದ ಜೇಸನ್ ಮೋಸರ್, ಈಥನ್ ಕ್ರಾಸ್ ತಂಡ ಇದನ್ನು ಇಇಜಿಯಲ್ಲಿ ಅಳೆಯಿತು. ಮನಸ್ಸು ಕಲಕುವ ಚಿತ್ರ ನೋಡುವಾಗ ಹೀಗೆ ಕೇಳಿಕೊಂಡವರ ಮೆದುಳಿನಲ್ಲಿ ಭಾವನೆಯ ಸಿಗ್ನಲ್ ಒಂದು ಸೆಕೆಂಡಿನೊಳಗೇ ತಗ್ಗಿತು. ಅದಕ್ಕಾಗಿ ಮೆದುಳು ಹೆಚ್ಚು ಶ್ರಮಪಟ್ಟ ಗುರುತೂ ಕಾಣಲಿಲ್ಲ.

ತನ್ನನ್ನೇ ಹೀಗೆ ಮಾತಾಡಿಸೋದು ನಮಗೇನೂ ಹೊಸದಲ್ಲ. ಅರಳಸುರಳಿ ಇರೋ ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಕುವೆಂಪು 'ಅನಿಕೇತನ'ದಲ್ಲಿ ತಮ್ಮ ಚೇತನವನ್ನೇ 'ನೀ' ಅಂತ ಕರೀತಾರೆ.

ಇದರಿಂದ ನೋವು ಮಾಯ ಆಗಲ್ಲ, ಯೋಚಿಸೋಕೆ ಜಾಗ ಸಿಗುತ್ತೆ. ಬೇಜಾರು ವಾರಗಟ್ಟಲೆ ಬಿಡದಿದ್ರೆ ಕೌನ್ಸೆಲರ್ ಹತ್ರ ಹೋಗಿ.