ಐನೂರು ಕೋಟಿ ನಕ್ಷತ್ರ

ಮರಿಯಾಗಿದ್ದಾಗ ಈ ನಕ್ಷತ್ರಮೀನಿಗೆ ಐದೇ ತೋಳು. ಬೆಳೆಯುತ್ತ ಹೋದಂತೆ ಇಪ್ಪತ್ತು, ಕೆಲವಕ್ಕೆ 24. ಮೈ ಒಂದು ಮೀಟರ್ ಅಗಲ, ತೋಳುಗಳ ಅಡಿಯಲ್ಲಿ ಸುಮಾರು 15,000 ಪುಟ್ಟ ಪಾದಗಳು. ಓಟ ನಿಮಿಷಕ್ಕೆ ಒಂದು ಮೀಟರ್. ನಗಬೇಡಿ, ಅದು ಬೆನ್ನಟ್ಟುವುದು ತನಗಿಂತ ನಿಧಾನದ ಕಡಲ ಮುಳ್ಳುಚೆಂಡನ್ನು (ಸೀ ಅರ್ಚಿನ್). ಹಿಡಿದರೆ ಮುಳ್ಳುಸಮೇತ ನುಂಗಿ, ಆಮೇಲೆ ಬರೀ ಚಿಪ್ಪನ್ನು ಉಗಿಯುತ್ತದೆ.

ಅಲಾಸ್ಕಾದಿಂದ ಮೆಕ್ಸಿಕೋವರೆಗಿನ ಕಡಲಂಚಿನಲ್ಲಿದ್ದ ಈ ಸೂರ್ಯಕಾಂತಿ ನಕ್ಷತ್ರಮೀನಿಗೆ 2013ರಲ್ಲಿ ರೋಗ ತಗುಲಿತು. ತೋಳುಗಳು ಕಳಚಿ, ಮೈ ಲೋಳೆಯಾಗಿ ಕರಗಿತು. ಅದರ ಬೆನ್ನಿಗೇ, 2014ರಿಂದ 2016ರವರೆಗೆ, ಪೆಸಿಫಿಕ್ ಸಾಗರದ ಆ ಭಾಗ ಹಿಂದೆ ಕಂಡರಿಯದಷ್ಟು ಕಾದಿತು. ನೀರು ಬೆಚ್ಚಗಿದ್ದ ಕಡೆಯಲ್ಲೆಲ್ಲ ಸಾವು ಜೋರಾಯಿತು. ಸತ್ತವುಗಳ ಅಂದಾಜು ಲೆಕ್ಕ 500 ಕೋಟಿಗೂ ಮೇಲೆ, ಅಂದರೆ ನೂರಕ್ಕೆ ತೊಂಬತ್ತು. ಕೊಂದದ್ದು ಕಾಲರಾ ಬ್ಯಾಕ್ಟೀರಿಯಾದ ದಾಯಾದಿಯೆಂದು ಗೊತ್ತಾಗಲು 2025 ಬರಬೇಕಾಯಿತು.

ಪ್ರಯೋಗಾಲಯದಲ್ಲಿ ಒಂದು ನಕ್ಷತ್ರ ಮೂರು ದಿನಕ್ಕೆ ಸರಾಸರಿ ಎರಡು ಮುಳ್ಳುಚೆಂಡು ತಿಂದಿದೆ. ಏನು ಮಹಾ ಅನಿಸಬಹುದು. ಸತ್ತ 500 ಕೋಟಿಯೂ ಅದನ್ನೇ ತಿನ್ನುತ್ತಿದ್ದವೆಂದು ಒಂದು ಗಳಿಗೆ ಇಟ್ಟುಕೊಂಡು ಗುಣಿಸಿ: ದಿನಕ್ಕೆ 330 ಕೋಟಿ! ನಿಜದಲ್ಲಿ ಅವು ಚಿಪ್ಪಿ, ಬಸವನಹುಳುಗಳನ್ನೂ ತಿನ್ನುತ್ತಿದ್ದವು, ಆದ್ದರಿಂದ ಲೆಕ್ಕ ಇಳಿಯುತ್ತದೆ. ಎಷ್ಟೇ ಇಳಿದರೂ ಅಷ್ಟು ಬಾಯಿಗಳು ಒಮ್ಮೆಲೇ ಮುಚ್ಚಿದ್ದು ಸುಳ್ಳಲ್ಲ.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೇರಳೆ ಮುಳ್ಳುಚೆಂಡುಗಳು 60 ಪಟ್ಟು ಹೆಚ್ಚಿದವು. ಅವುಗಳ ಊಟ ಕೆಲ್ಪ್. ಇದು ಒಂದೇ ವರ್ಷದಲ್ಲಿ ಹತ್ತು ಮಹಡಿಯ ಎತ್ತರಕ್ಕೆ ಬೆಳೆಯುವ ಕಡಲಪಾಚಿ, ನೀರೊಳಗಿನ ಕಾಡು. ಬಿಸಿನೀರಿಗೆ ಅದು ಮೊದಲೇ ಸೊರಗಿತ್ತು, ಉಳಿದದ್ದನ್ನು ಇವು ಮೇಯ್ದು ಮುಗಿಸಿದವು. 350 ಕಿ.ಮೀ. ಉದ್ದಕ್ಕೂ, ಹೆಚ್ಚೂಕಡಿಮೆ ನಮ್ಮ ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯಷ್ಟು, ಆ ಕಾಡಿನ ನೂರಕ್ಕೆ ತೊಂಬತ್ತು ಪಾಲು ಹೋಯಿತು. ಅದೇ ಕೆಲ್ಪ್ ತಿಂದು ಬದುಕುವ ಅಬಲೋನ್ ಚಿಪ್ಪಿಗಳು ಹಸಿದು ಸತ್ತವು. 2018ರಲ್ಲಿ ಅವುಗಳ ಬೇಟೆಯನ್ನೇ ನಿಲ್ಲಿಸಲಾಯಿತು.

ಮೇವು ಮುಗಿದ ಮೇಲೆ ಮುಳ್ಳುಚೆಂಡುಗಳಾದರೂ ಸಾಯಬೇಕಿತ್ತಲ್ಲ? ನನ್ನನ್ನು ದಂಗುಬಡಿಸಿದ್ದು ಇದೇ. ಅವು ಸಾಯುವುದಿಲ್ಲ. ಒಳಗೆಲ್ಲ ಬರಿದಾಗಿ, ಬೋಳು ಬಂಡೆಯ ಮೇಲೆ ವರ್ಷಗಟ್ಟಲೆ ಉಪವಾಸ ಕೂರುತ್ತವೆ. ಚಿಗುರು ಕಂಡರೆ ಮತ್ತೆ ಮೇಯುತ್ತವೆ. ತಿರುಳಿಲ್ಲದ ಇಂಥವನ್ನು, ಮುಳ್ಳುಚೆಂಡು ತಿನ್ನುವ ಕಡಲ ನೀರುನಾಯಿಯೂ ಮೂಸಿ ನೋಡದು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಅದು ಕೆಲ್ಪ್ ಉಳಿದ ಕಡೆಯ ಕೊಬ್ಬಿದವನ್ನೇ ಆರಿಸಿ ತಿಂದಿತು. ಹೊಟ್ಟೆಗಿಲ್ಲದ ಮುಳ್ಳುಚೆಂಡನ್ನೂ ಬಿಡದೆ ನುಂಗುತ್ತಿದ್ದುದು ಆ ನಕ್ಷತ್ರವೇ.

ಕ್ಯಾಲಿಫೋರ್ನಿಯಾದಲ್ಲಿ ಈಗ ಅದನ್ನು ಕಾಣುವುದೇ ಅಪರೂಪ. ದೊಡ್ಡವು ಗುಂಪಾಗಿ ಉಳಿದಿರುವ ಕೆಲವೇ ಜಾಗಗಳಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಿರಿದಾದ ಕೊಲ್ಲಿಗಳೂ ಸೇರಿವೆ. ಅಲ್ಲಿ ನೀರು ಇನ್ನೂ ತಣ್ಣಗಿದೆ.