ಸಿನಿಮಾ ಹಾಡು ಸಿಗ್ತದ, ಅವ್ವನ ಹಾಡು ಸಿಗ್ತದೇನು?

ಗಡಿನಾಡ ಮನೆಗಳಲ್ಲಿ ಸದ್ದಿಲ್ಲದೆ ಹಾಳಾಗುತ್ತಿವೆ ಹಳೇ ಕ್ಯಾಸೆಟ್‌ಗಳು

ಗದ್ವಾಲ್: ಈ ಭಾಗದ ಹಳೇ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಅಟ್ಟದ ಮೇಲೋ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತದೆ. ಒಳಗೆ ಹತ್ತೋ ಹದಿನೈದೋ ಕ್ಯಾಸೆಟ್. ಕೆಲವುಗಳ ಮೇಲೆ ರಾಜಕುಮಾರ್, ಎನ್‌ಟಿಆರ್ ಚಿತ್ರ. ಇನ್ನು ಕೆಲವುಗಳ ಮೇಲೆ ಚಿತ್ರವಿಲ್ಲ, ಬಾಲ್‌ಪೆನ್ನಿನಲ್ಲಿ ಬರೆದ 'ಮದಿವಿ', 'ಭಜನಿ' ಎಂಬ ಒಂದು ಪದ, ಅದೂ ಅರ್ಧ ಅಳಿಸಿದ್ದು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಡಬ್ಬಿ ಕೆಳಗಿಳಿಯುತ್ತದೆ. 'ಇದರಾಗ ಏನದ? ಒಗೀಲೇನು?' ಎಂಬ ಪ್ರಶ್ನೆ ಏಳುವುದು ಆಗಲೇ.

ಚಿತ್ರವಿದ್ದ ಕ್ಯಾಸೆಟ್ ಒಗೆದರೂ ನಷ್ಟವೇನಿಲ್ಲ. ಮೊಬೈಲ್‌ನಲ್ಲಿ ಹೆಸರು ಒತ್ತಿದರೆ ಪಿ.ಬಿ. ಶ್ರೀನಿವಾಸ್ ಹಾಡುತ್ತಾರೆ, ಘಂಟಸಾಲ ಹಾಡುತ್ತಾರೆ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರಲ್ಲಿ ತೀರಿಕೊಂಡರು. ಅವರ ದನಿಗೆ ಮಾತ್ರ ಬರ ಬಂದಿಲ್ಲ. ಆದರೆ 'ಮದಿವಿ' ಎಂದು ಬರೆದ ಕ್ಯಾಸೆಟ್‌ನಲ್ಲಿ ಸೋಬಾನೆ ಪದ ಹೇಳಿದ ದೊಡ್ಡವ್ವ, ನಡುವೆ ಕೆಮ್ಮಿದ ಅಜ್ಜ, 'ಏ, ಸುಮ್ನಿರ್ರಲೇ' ಎಂದು ಹುಡುಗರನ್ನು ಗದರಿದ ಸೋದರಮಾವ, ಇವರ ದನಿ ಇರುವುದು ಆ ಒಂದೇ ರೀಲಿನಲ್ಲಿ. ಅದು ಹೋದರೆ ಹೋಯಿತು.

ವಿಳಾಸ ಬದಲು, ಬೀಗತನ ಹಾಗೇ

ಗದ್ವಾಲ್, ಅಲಂಪುರ ತಾಲ್ಲೂಕುಗಳು 1956ರ ಅಕ್ಟೋಬರ್ 31ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಮರುದಿನ ಭಾಷಾವಾರು ರಾಜ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕು ಆಂಧ್ರಪ್ರದೇಶಕ್ಕೆ ಹೋಗಿ ಮಹಬೂಬನಗರ ಜಿಲ್ಲೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಬೇರೆ ಬೇರೆ ಜಿಲ್ಲೆಗಳಾದವು. ವಿಳಾಸ ಇಷ್ಟು ಸಲ ಬದಲಾದರೂ ರಾಯಚೂರಿನ ಕಡೆ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಹೆಣ್ಣಿನ ಜೊತೆ ಹಾಡೂ ಬಂತು.

ಹಾಡಿನ ನಂಟು ಅದಕ್ಕೂ ಹಳೆಯದು. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಹರಿದಾಸ ಗೋಪಾಲದಾಸರು 18ನೇ ಶತಮಾನದಲ್ಲಿ ನೆಲೆ ನಿಂತದ್ದು ಐಜ ಹತ್ತಿರದ ಉತ್ತನೂರಿನಲ್ಲಿ. ದಾಸರ ಪದ, ತತ್ವಪದ, ಬೀಸುಕಲ್ಲಿನ ಪದ, ಮೊಹರಂ ಬಂದರೆ ಅಲಾಯಿ ಪದ, ಎಲ್ಲವೂ ಇಲ್ಲಿ ಕನ್ನಡದಲ್ಲಿ ಕೇಳಿದವೇ. ನಾರಾಯಣಪೇಟೆಯ ಮರಾಠಿ ಮನೆಗಳಲ್ಲಿ ಅಭಂಗವೂ ಇದಕ್ಕೆ ಸೇರುತ್ತದೆ. ಶಾಲೆಯಲ್ಲಿ ತೆಲುಗು ಬತುಕಮ್ಮ ಹಾಡು, ಮನೆಯಲ್ಲಿ ಕನ್ನಡ ಸೋಬಾನೆ. ಈ ಊರಿನ ಹುಡುಗಿಯರಿಗೆ ಎರಡೂ ಬಾಯಿಪಾಠ.

ರೇಡಿಯೊ ಇದ್ದ ಮನೆ

ಧಾರವಾಡ ಆಕಾಶವಾಣಿ 1950ರಲ್ಲಿ, ಗುಲ್ಬರ್ಗ ಕೇಂದ್ರ 1966ರಲ್ಲಿ ಆರಂಭವಾದವು. ಮೀಡಿಯಂ ವೇವ್ ಅಲೆಗೆ ರಾಜ್ಯದ ಗಡಿ ಗೊತ್ತಿಲ್ಲ. ಹಗಲು ನೆಲ ಹಿಡಿದು ಸಾಗುವ ಈ ಅಲೆ ಕತ್ತಲಾದ ಮೇಲೆ ಮೇಲಿನ ವಾಯುಮಂಡಲಕ್ಕೆ ತಾಗಿ ಮರಳುತ್ತದೆ. ಹಾಗಾಗಿ ಹಗಲು ಗೊರಗೊರ ಎನ್ನುವ ದೂರದ ಕೇಂದ್ರ ರಾತ್ರಿ ನಿಚ್ಚಳ ಕೇಳುತ್ತಿತ್ತು. ರೇಡಿಯೊ ಇಟ್ಟುಕೊಂಡವರು ಪೋಸ್ಟ್ ಆಫೀಸಿಗೆ ಹೋಗಿ ಲೈಸನ್ಸ್ ಫೀ ಕಟ್ಟಬೇಕಿದ್ದ ಕಾಲ ಅದು. 1980ರ ದಶಕದಲ್ಲಿ ಅದು ರದ್ದಾಯಿತು.

ಓಣಿಗೆ ಒಂದೋ ಎರಡೋ ರೇಡಿಯೊ. ಹಾಡು ಕೇಳಬೇಕೆಂದರೆ ಆ ಮನೆಯ ಕಟ್ಟೆಗೆ ಹೋಗಿ ಕೂಡಬೇಕು. ಕೋರಿಕೆ ಕಾರ್ಯಕ್ರಮಕ್ಕೆ ಒಬ್ಬನೇ ಕಾರ್ಡು ಬರೆದರೂ ಗೆಳೆಯರೆಲ್ಲರ ಹೆಸರು ಹಾಕುವುದು ರೂಢಿ. ರೇಡಿಯೊದಲ್ಲಿ ಹೆಸರು ಬಂದ ದಿನ ಓಣಿಯಲ್ಲಿ ಅವರದೇ ಮಾತು. ಆ ಕಾರ್ಡಿನಲ್ಲಿ ಸಾಲಾಗಿ ನಿಂತ ಹೆಸರಿನವರಲ್ಲಿ ಒಬ್ಬರು ಹೈದರಾಬಾದ್, ಒಬ್ಬರು ಪುಣೆ, ಒಬ್ಬರು ಬೆಂಗಳೂರು. ಕೆಲವರು ಈಗಿಲ್ಲ.

ಖಾಲಿ ಕ್ಯಾಸೆಟ್ ತಂದ ಬದಲಾವಣೆ

ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಈ ಕಡೆಯ ಮನೆಗಳಿಗೆ ಸಾಮಾನ್ಯವಾದದ್ದು 80-90ರ ದಶಕದಲ್ಲಿ. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ಅಂಗಡಿಯವರು ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಒಂದು ಕಡೆ ತೆಲುಗು, ಮತ್ತೊಂದು ಕಡೆ ಕನ್ನಡ. ಭೀಮಸೇನ ಜೋಶಿಯವರ ದಾಸವಾಣಿ, ಸಿ. ಅಶ್ವಥ್ ಹಾಡಿದ ಶಿಶುನಾಳ ಷರೀಫರ ಪದಗಳು ಟೇಪ್ ರೆಕಾರ್ಡರ್ ಇದ್ದ ಮನೆಗಳಿಗೆ ಬಂದವು.

ಆದರೆ ದೊಡ್ಡ ಬದಲಾವಣೆ ಕೆಂಪು ಗುಂಡಿಯದು. ರೇಡಿಯೊ ಕೇಳಿಸುತ್ತಿತ್ತು ಅಷ್ಟೇ. ಟೇಪ್ ರೆಕಾರ್ಡರ್ ಮನೆಯವರ ದನಿಯನ್ನೂ ಹಿಡಿದಿಟ್ಟಿತು. ಮದುವೆ, ತೊಟ್ಟಿಲು, ಶ್ರಾವಣದ ಭಜನಿ, ಮಗುವಿನ ಮೊದಲ ತೊದಲು ಮಾತು ರೀಲು ಸೇರಿದವು. ಎಂದೂ ವೇದಿಕೆ ಹತ್ತದ ಹೆಣ್ಣುಮಕ್ಕಳ ಹಾಡು ದಾಖಲಾದದ್ದು ಹೀಗೇ. ಭಜನಿ ಕ್ಯಾಸೆಟ್ ಹಾಕಿದರೆ ತಾಳ ತಪ್ಪಿದವ ಯಾರು, ದಮ್ಮಡಿ ಬಡಿದವ ಯಾರು ಎಂದು ಹಳೇ ಗೆಳೆಯರು ಈಗಲೂ ಥಟ್ಟನೆ ಹೇಳುತ್ತಾರೆ. ಅವರ ಮಕ್ಕಳಿಗೆ ಹೇಳಲಾಗದು. ಮೊಮ್ಮಕ್ಕಳಿಗಂತೂ ಅದು ಯಾರೋ ಹಾಡಿದ ಗದ್ದಲ.

ಎಷ್ಟು ದಿನ ಇರ್ತದ?

60 ನಿಮಿಷದ ಕ್ಯಾಸೆಟ್‌ನಲ್ಲಿ ಸುಮಾರು 90 ಮೀಟರ್ ಉದ್ದ, 4 ಮಿಲಿಮೀಟರ್‌ಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದಕ್ಕೆ ಬಳಿದ ಕಬ್ಬಿಣದ ಆಕ್ಸೈಡ್ ಪುಡಿಯಲ್ಲಿ ದನಿ ಅಯಸ್ಕಾಂತದ ಗುರುತಾಗಿ ಉಳಿಯುತ್ತದೆ. ಸೆಖೆಗೆ, ತೇವಕ್ಕೆ ಪುಡಿಯ ಅಂಟು ಬಿಡುತ್ತದೆ. ಬಿಳಿ ಬೂಷ್ಟು ಹಿಡಿಯುತ್ತದೆ. ರೀಲನ್ನು ಹೆಡ್‌ಗೆ ಒತ್ತಿ ಹಿಡಿಯುವ ಸಣ್ಣ ಮೆತ್ತೆ ಉದುರುತ್ತದೆ. ರೀಲು ನೆಟ್ಟಗಿದ್ದರೂ ಅದನ್ನು ನುಡಿಸುವ ಯಂತ್ರ ಸಿಗುವುದೇ ಕಷ್ಟವಾಗಿದೆ. ಸಿಕ್ಕರೂ ಬೆಲ್ಟ್ ಸಡಿಲ. ರಿಪೇರಿ ಗೊತ್ತಿದ್ದವರು ಮೊಬೈಲ್ ರಿಪೇರಿಗೆ ಇಳಿದಿದ್ದಾರೆ.

ಮೊಬೈಲ್‌ನಲ್ಲಿ ಇದ್ದರೆ ಭದ್ರ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅವ್ವ ಕಳಿಸಿದ ವಾಟ್ಸ್‌ಆ್ಯಪ್ ದನಿಸಂದೇಶ ಫೋನ್ ಬದಲಾದಾಗ ಹೋಗುತ್ತದೆ, ಮೆಮೊರಿ ತುಂಬಿತೆಂದು ಅಳಿಸಿದಾಗ ಹೋಗುತ್ತದೆ. ಕ್ಯಾಸೆಟ್ 30 ವರ್ಷವಾದರೂ ಟ್ರಂಕಿನಲ್ಲಿ ಕೂತಿತ್ತು, ಫೋನ್ ಮೂರು-ನಾಲ್ಕು ವರ್ಷಕ್ಕೆ ಬದಲಾಗುತ್ತದೆ.

ಹಾಗೆಂದು ಹೊಸ ಯಂತ್ರವನ್ನು ಬೈದು ಕೂಡುವಂತಿಲ್ಲ. ದನಿ ಉಳಿಸುವ ದಾರಿಯೂ ಅದರಲ್ಲೇ ಇದೆ. ಖರ್ಚಿನ ಲೆಕ್ಕ ಹಾಕಿದರೂ ದೊಡ್ಡದಲ್ಲ. ಒಂದು ಗಂಟೆಯ ಹಾಡು ಸಾಮಾನ್ಯ ಎಂಪಿ3 ಗುಣಮಟ್ಟದಲ್ಲಿ 60 ಎಂಬಿ ಒಳಗೆ ಬರುತ್ತದೆ. 16 ಜಿಬಿ ಪೆನ್‌ಡ್ರೈವ್ ಒಂದರಲ್ಲಿ 250 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬೇಕಾದದ್ದು ಸಮಯ ಮಾತ್ರ. ಒಂದು ಗಂಟೆಯ ಕ್ಯಾಸೆಟ್ ಇಳಿಸಲು ಒಂದು ಗಂಟೆ ಪೂರ್ತಿ ಕೂಡಬೇಕು.

ಇಳಿಸುವುದು ಹೇಗೆ?

ಮೊದಲು ಕ್ಯಾಸೆಟ್‌ನ ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಮುರಿಯಬೇಕು. ಆಗ ತಪ್ಪಿ ಕೆಂಪು ಗುಂಡಿ ಒತ್ತಲು ಹೋದರೂ ಹಳೇ ದನಿ ಅಳಿಯದು. ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪ್ ರೆಕಾರ್ಡರ್‌ನ ಹೆಡ್ ಒರೆಸಿ ಒಣಗಲು ಬಿಡಬೇಕು. ಬಳಿಕ, ಹೋದರೂ ಚಿಂತೆಯಿಲ್ಲ ಎನ್ನುವ ಸಿನಿಮಾ ಕ್ಯಾಸೆಟ್ ಹಾಕಿ ಯಂತ್ರ ರೀಲು ನುಂಗುತ್ತದೆಯೇ ನೋಡಬೇಕು. ನುಂಗದಿದ್ದರೆ ಮಾತ್ರ ಮನೆಯ ಕ್ಯಾಸೆಟ್ ಹಾಕಬೇಕು. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ವೈರ್ ಜೋಡಿಸಿ, ಉಚಿತವಾಗಿ ಸಿಗುವ ಆಡಾಸಿಟಿಯಂಥ ತಂತ್ರಾಂಶದಲ್ಲಿ ದಾಖಲಿಸಬಹುದು. ಲೈನ್-ಇನ್ ಇಲ್ಲದ ಲ್ಯಾಪ್‌ಟಾಪ್‌ಗೆ ಸಣ್ಣದೊಂದು ಯುಎಸ್‌ಬಿ ಆಡಿಯೊ ಸಾಧನ ಬೇಕು. ಅದೂ ಆಗದಿದ್ದರೆ ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, ಸ್ಪೀಕರ್ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೂ ನಡೆದೀತು. ಬೂಷ್ಟು ಹಿಡಿದಿದ್ದರೆ ನುಡಿಸದೆ ಬಲ್ಲವರಿಗೇ ಕೊಡುವುದು ಲೇಸು. ಪ್ರತಿಯನ್ನು ಕನಿಷ್ಠ ಎರಡು ಕಡೆ, ಎರಡು ಮನೆಗಳಲ್ಲಿ ಇಡಬೇಕು.

ಹೆಸರು ಬರೆದಿಡಿ

ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ಅಸಲು ಕೆಲಸ ಇರುವುದು ಮುಂದೆ. ದನಿ ಯಾರದು ಎಂದು ಗೊತ್ತಿದ್ದವರು ಇರುವಾಗಲೇ ಅವರನ್ನು ಕೂಡಿಸಿ ಕೇಳಿಸಿ, ಹಾಡಿದವರ ಹೆಸರು, ಊರು, ಸಂಬಂಧ, ಸಂದರ್ಭ, ವರ್ಷ ಬರೆದುಕೊಳ್ಳಬೇಕು. ಎಪ್ಪತ್ತು ದಾಟಿದ ಚಿಗವ್ವನಿಗೋ ಅಪ್ಪನ ಗೆಳೆಯರಿಗೋ ಗೊತ್ತಿರುವುದನ್ನು ಇನ್ನು ಹತ್ತು ವರ್ಷದ ಮೇಲೆ ಹೇಳುವವರು ಯಾರೂ ಇರಲಿಕ್ಕಿಲ್ಲ. ಊರು ಬಿಟ್ಟ ಗೆಳೆಯರಿಗೆ ಮೊಬೈಲ್‌ನಲ್ಲಿ ತುಣುಕು ಕಳಿಸಿ 'ಇದು ಯಾರ ದನಿ?' ಎಂದು ಕೇಳಬಹುದು. ವರ್ಷಗಟ್ಟಲೆ ಮಾತಿಲ್ಲದವರೂ ಇಂಥದಕ್ಕೆ ಕೂಡಲೇ ಉತ್ತರ ಕೊಡುತ್ತಾರೆ.

ಗಡಿಯ ಮನೆಗಳಿಗೆ ಇನ್ನೊಂದು ಮಾತು. ಹೆಸರನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಬೇಕು. ಕನ್ನಡ ಮಾತಾಡುವ ಮೊಮ್ಮಕ್ಕಳಲ್ಲಿ ಅನೇಕರು ಓದುವುದು ತೆಲುಗು, ಇಂಗ್ಲಿಷ್. ಸಾಧ್ಯವಾದರೆ ಹಾಡಿನ ಸಾಲುಗಳನ್ನೂ ತೆಲುಗು ಲಿಪಿಯಲ್ಲಿ ಬರೆದುಕೊಟ್ಟರೆ ಮಕ್ಕಳು ಓದಿಕೊಂಡು ಹಾಡುತ್ತಾರೆ. ಎರಡೂ ಲಿಪಿ ಅಕ್ಕತಂಗಿಯರಂತೆ ಇರುವುದರಿಂದ ಕನ್ನಡ ಅಕ್ಷರ ಕಲಿಯುವುದಕ್ಕೂ ಇದೇ ಮೊದಲ ಪಾಠವಾದೀತು.

ಯೂಟ್ಯೂಬ್‌ಗೆ ಹಾಕುವ ಮುನ್ನ ಮಾತ್ರ ಹಾಡಿದವರನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಕೇಳಬೇಕು. ನಾಲ್ಕು ಮಂದಿ ಹೆಂಗಸರ ನಡುವೆ ಹಾಡಿದ್ದು ನಾಲ್ಕೂರಿಗೆ ಕೇಳಲಿ ಎಂದು ಎಲ್ಲರೂ ಬಯಸುವುದಿಲ್ಲ.

2013ರಿಂದ ಗದ್ವಾಲ್-ರಾಯಚೂರು ನಡುವೆ ರೈಲು ಮಾರ್ಗವಿದೆ. ರಾಯಚೂರಿನ ಬೀಗರು ಹಬ್ಬಕ್ಕೆ ಬಂದುಹೋಗುವುದು ಸಲೀಸು. ಅವರ ಟ್ರಂಕಿನಲ್ಲೂ ಇದೇ ಮದುವೆಯ ಮತ್ತೊಂದು ಕ್ಯಾಸೆಟ್ ಇದ್ದೀತು. ಬರುವಾಗ ತರಲು ಈಗಲೇ ಹೇಳಿಡುವುದು ಒಳ್ಳೆಯದು.